ಹಾಲಿನ ರೇಟು ಕೇಳಿದ ಮಾಸ್ತರ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಗೆ ಮಾಸ್ತರನಾಗಿ ಹೋದೆ. ಊರಿಗೆಲ್ಲ ತಿಂಗಳ ಪಗಾರದ ಗಂಡಸು ನಾನೊಬ್ಬನೇ. ಇನ್ನೊಬ್ಬರ ಹಂಗಿನಲ್ಲಿ ಬದುಕಬಾರದು ಎಂಬ ದೊಡ್ಡ ತತ್ವವನ್ನು ವಿಜಾಪುರದಿಂದ ಟ್ರಂಕಿನಲ್ಲಿ ತುಂಬಿಕೊಂಡು ಬಂದಿದ್ದೆ. ಊರಿನವರು ಅದನ್ನು ಕೇಳಿರಲಿಲ್ಲ. ಆದರೂ ಪುಕ್ಕಟೆ ಹಂಚಿದೆ.

ನಾನು ಹೋದ ವಾರದಲ್ಲೇ ಎದುರುಮನೆಯ ಮುದುಕಿ ಆಯಿ ಒಂದು ಚರಿಗೆ ಮಜ್ಜಿಗೆ ತಂದುಕೊಟ್ಟಳು. ಆ ಸೀಮೆಯಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಚೂರು ಬೆಲ್ಲವನ್ನೋ ಒಂದು ಹಿಡಿ ಕಾಳನ್ನೋ ಹಾಕುತ್ತಾರೆ. ನಾನು ಓದಿದವನು, ಎಂಟಾಣೆ ಹಾಕಿದೆ. ಆಯಿ ನಾಣ್ಯವನ್ನು ನಮ್ಮ ಕಟ್ಟೆಯ ಮೇಲಿಟ್ಟು, ಚರಿಗೆ ಎತ್ತಿಕೊಂಡು ಹೋದಳು. ಆಮೇಲೆ ಓಣಿಯ ಯಾವ ಮನೆಯಿಂದಲೂ ಏನೂ ಬರಲಿಲ್ಲ. ಹಂಗು ತಪ್ಪಿತೆಂದು ನಾನು ಹಿಗ್ಗಿದೆ.

ಹೆಂಡತಿ ತವರಿನಲ್ಲಿ ಹೆತ್ತು, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಬಂದ ನಾಲ್ಕನೆಯ ದಿನ ಅವಳಿಗೆ ಜ್ವರ ಏರಿ ಎದೆಹಾಲು ಬತ್ತಿತು. ಮಗು ಬೆಳಗಿನಿಂದ ಅತ್ತು ಅತ್ತು, ಮಧ್ಯಾಹ್ನದ ಹೊತ್ತಿಗೆ ದನಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ನಾನು ಹತ್ತರ ನೋಟು ಹಿಡಿದು ಹೊರಟೆ. ರೊಕ್ಕ ಇದ್ದವನಿಗೆ ಎಂಥ ಚಿಂತೆ?

ಹಾಲು ಮಾರಿದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂದು ನಂಬಿದ ಊರು ಅದು. "ನಾವು ಹಾಲು ಮಾರೂದಿಲ್ರಿ" ಎಂದರು ಮೊದಲ ಮನೆಯವರು. ಎರಡನೆಯ ಮನೆಯಲ್ಲಿ ರೇಟು ಏರಿಸಿದೆ. ಮೂರನೆಯ ಮನೆಯಲ್ಲಿ ನೋಟನ್ನೇ ಮುಂದೆ ಚಾಚಿದೆ. ಮಗು ಹಸಿದಿದೆ ಎಂಬ ಮಾತೊಂದು ಬಿಟ್ಟು ಎಲ್ಲ ಹೇಳಿದೆ. ಅದನ್ನು ಹೇಳಿದರೆ ಬೇಡಿದಂತಾಗುತ್ತದಲ್ಲ! ಮಾಸ್ತರನಿಗೆ ಚಹಾದ ಚಟ ಜೋರಾಗಿದೆ ಎಂದುಕೊಂಡರು ಓಣಿಯವರು.

ಕಡೆಗೆ ಆಯಿಯ ಬಾಗಿಲಲ್ಲಿ ನಿಂತೆ. "ಆಯಿ, ಹಾಲು ಎಷ್ಟಕ್ಕ ಕೊಡ್ತೀರಿ?"

"ಮಾರೂದಿಲ್ಲಂತ ಓಣಿ ಮಂದಿ ಹೇಳ್ಯಾರಲ್ರಿ ಮಾಸ್ತರ್ರ. ಯಾರಿಗೆ ಬೇಕಾಗೇತಿ?"

ನೋಟನ್ನು ಮಡಚಿ ಕಿಸೆಗೆ ಹಾಕಿದೆ. "ಕೂಸಿಗ್ರಿ. ಮುಂಜಾನಿಂದ ಏನೂ ಕುಡದಿಲ್ಲ."

ಆಯಿ ನೋಡಿದ ನೋಟಕ್ಕಿಂತ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರ ಬೈಗಳು ಎಷ್ಟೋ ವಾಸಿ. "ಮಾರೂದಿಲ್ಲ ಅಂದೀವಿ. ಕೊಡೂದಿಲ್ಲ ಅಂದೀವೇನು?" ಎಂದಳು. ಆಮೇಲೆ ಒಳಗೆ ತಿರುಗಿ, "ಏಳವಾ, ಮೂರು ತಿಂಗಳ ಕೂಸಿಗೆ ಎಮ್ಮಿ ಹಾಲು ದಕ್ಕೂದಿಲ್ಲ, ನೀನ ಹೋಗು" ಎಂದು ಸೊಸೆಯನ್ನು ಎಬ್ಬಿಸಿದಳು.

ಸೊಸೆ ತನ್ನ ಮಗನಿಗೆ ಹಾಲೂಡುತ್ತಿದ್ದಳು. ಅವನನ್ನು ಬಿಡಿಸಿ ಅತ್ತೆಯ ಉಡಿಯಲ್ಲಿ ಹಾಕಿ, ಸೆರಗು ಸರಿಮಾಡಿಕೊಂಡು ನಮ್ಮ ಮನೆಗೆ ನಡೆದಳು. ಅವಳ ಹಿಂದೆ ನಾನು ಬಂದೆ. ಅವಳು ನನ್ನ ಮಗಳನ್ನು ಎದೆಗೆ ಹಚ್ಚಿಕೊಳ್ಳುವಾಗ ಹೊರಗೆ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತೆ. ಒಳಗೆ ನನ್ನ ಕೂಸು ಗುಟುಕರಿಸುವ ಸಪ್ಪಳ. ಎದುರುಮನೆಯಲ್ಲಿ, ಅರೆಹೊಟ್ಟೆಯಲ್ಲಿ ಎದೆ ಬಿಡಿಸಿಕೊಂಡ ಆ ಹುಡುಗನ ಅಳು. ಎರಡನ್ನೂ ಕೇಳುತ್ತ, ಪಗಾರದ ಗಂಡಸು ನಾನು, ನಾಚಿಕೆ ಬಿಟ್ಟು ಅತ್ತೆ.