ನಾಟಕಕ್ಕೆ ಕೇಳಿದ ಶಾಲು

ನನ್ನ ಬಾಯಿ ದೊಡ್ಡದು ಎಂದು ಮನೆಯವರು ಹೇಳುತ್ತಾರೆ. ಇರಲಿ. ಥಾಣೆಯ ನಮ್ಮ ಇಗರ್ಜಿಯಲ್ಲಿ ಈ ವರ್ಷ ನಡೆದದ್ದನ್ನು ಕಂಡೂ ಬಾಯಿ ಮುಚ್ಚಿಕೊಂಡು ಕೂರುವವಳು ನಾನಲ್ಲ.

ನಾವು ಮಂಗಳೂರು ಕಡೆಯ ಕ್ರೈಸ್ತರು. ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ಯೆಹೂದಿ ಹಿರಿಯರಿದ್ದಾರೆ. ತಲೆತಲಾಂತರದಿಂದ ಇಲ್ಲಿಯವರೇ, ಮನೆಮಾತು ಮರಾಠಿ. ಬಿಲ್ಡಿಂಗಿಗೆಲ್ಲ ಅವರು ಕಾಕಾ. ನಮ್ಮ ಹಿಂದಿನ ಫಾದರಿಗೂ ಅವರಿಗೂ ಗಾಢ ಗೆಳೆತನ. ಯೆಹೂದ್ಯರ ಹೊಸ ವರ್ಷ ಬಂದರೆ ಫಾದರ್ ನಮ್ಮಲ್ಲಿ ಹತ್ತಾರು ಜನರನ್ನು ಎಬ್ಬಿಸಿಕೊಂಡು ಅವರ ಪ್ರಾರ್ಥನಾಮಂದಿರ ಸಿನಗಾಗಿಗೆ ಹೋಗುತ್ತಿದ್ದರು. ಕ್ರಿಸ್‌ಮಸ್ಸಿಗೆ ಕಾಕಾ ತಮ್ಮವರೊಂದಿಗೆ ನಮ್ಮಲ್ಲಿಗೆ ಬರುತ್ತಿದ್ದರು.

ನಮ್ಮ ಶುಭ ಶುಕ್ರವಾರದ ನಾಟಕದಲ್ಲಿ ಹಿಂದೆ ಒಂದು ದೃಶ್ಯವಿತ್ತು. ಗಿಣಿಮೂಗು ಅಂಟಿಸಿಕೊಂಡ ಯೆಹೂದ್ಯರ ಗುಂಪು ಯೇಸುವನ್ನು ಕೊಲ್ಲಿರೆಂದು ಕುಣಿಯುವುದು, ಕೊನೆಗೆ ಸೂತ್ರಧಾರ ಆ ಇಡೀ ಜನಾಂಗಕ್ಕೇ ಶಾಪ ಹಾಕುವುದು. ಫಾದರ್ ಬಂದ ವರ್ಷವೇ ಅದನ್ನು ಕಿತ್ತುಹಾಕಿಸಿದರು. ಯೇಸುವಿನ ಸಾವನ್ನು ಯೆಹೂದ್ಯರ ತಲೆಗೆ ಕಟ್ಟಬಾರದೆಂದು ರೋಮಿನ ಮಹಾಸಭೆ ಎಂದೋ ಹೇಳಿದೆ, ಥಾಣೆಗೆ ಬರುವ ಲೋಕಲ್ ಟ್ರೈನು ಮಾತ್ರ ಇನ್ನೂ ಲೇಟು ಎಂದು ಪೂಜೆಯಲ್ಲೇ ಗದರಿದ್ದರು. ಯೇಸುವಿನ ತಾಯಿ ಯಾವ ಜಾತಿಯವಳು ಎಂದು ಕೇಳಿದ್ದರು.

ಫಾದರ್ ತೀರಿಕೊಂಡು ಕೆಲವು ವರ್ಷವಾಯಿತು. ಇಗರ್ಜಿಯ ಹಾಲ್‌ನಲ್ಲಿ ಅವರ ಫೋಟೋ ಇದೆ, ಫೋಟೋಗೆ ಹಾರವೂ ಇದೆ. ಅವರ ಮಾತಿಗೆ ಮಾತ್ರ ಎಳ್ಳುನೀರು ಬಿಟ್ಟಿದ್ದಾರೆ.

ಈ ಸಲ ರಿಹರ್ಸಲ್ ನೋಡಲು ಹೋದೆ. ಅದೇ ಮೂಗು, ಅದೇ ಶಾಪ. ಗುಂಪಿನ ಮುಂದೆ ಕುಣಿಯುತ್ತಿದ್ದವನ ಹೆಗಲ ಮೇಲೆ ಕಾಕಾನ ಪ್ರಾರ್ಥನೆಯ ಶಾಲು! ಮೂಲೆಗಳಲ್ಲಿ ದಾರದ ಗಂಟುಗಳಿರುವ, ಹೊದೆಯುವ ಮುನ್ನ ಕಾಕಾ ಮುತ್ತಿಡುವ ಶಾಲು ಅದು.

ನಾಟಕ ಆಡಿಸುತ್ತಿದ್ದವರು ನಮ್ಮೂರ ಕಡೆಯವರೇ, ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಶಾಲು ಎಲ್ಲಿಂದ ಬಂತೆಂದು ಕೇಳಿದೆ.

“ಮೊನ್ನೆ ಕಾಕಾನ ಮನೆಗೆ ಹೋಗಿ ಕೇಳಿದೆ ಅಕ್ಕಾ, ಕೂಡ್ಲೇ ಕೊಟ್ರು. ಒರಿಜಿನಲ್ ಇದ್ರೆ ಸೀನ್ ಎಷ್ಟು ಮಸ್ತ್ ಕಾಣ್ತದೆ ನೋಡಿ.”

“ಯಾವ ಸೀನಿಗೆ ಅಂತ ಹೇಳಿದ್ರಾ?”

“ಅದೆಲ್ಲ ಎಂತಕ್ಕೆ? ಬರೀ ನಾಟಕ ಅಲ್ವಾ?”

ನಾಚಿಕೆಗೆಟ್ಟವರು! ಒಬ್ಬರ ದೇವರ ಬಟ್ಟೆಯನ್ನು ಇಸಕೊಂಡು ಬಂದು, ಅದನ್ನೇ ಹೊದ್ದು ಅವರ ಕುಲಕ್ಕೆ ಶಾಪ ಹಾಕಿಸುವುದೇ? ಶಾಲನ್ನು ಆ ಹೆಗಲಿನಿಂದ ತೆಗೆದುಕೊಂಡೆ. ಈಗಿನ ಫಾದರ್ ಅಲ್ಲೇ ಕುರ್ಚಿಯಲ್ಲಿದ್ದರು. “ಈ ವರ್ಷ ಒಂದು ಅಡ್ಜಸ್ಟ್ ಮಾಡಿ” ಎಂದರು. ನಾನು ಮಾಡಲಿಲ್ಲ.

ನೇರ ಕಾಕಾನ ಬಾಗಿಲು ತಟ್ಟಿ, ಶಾಲು ಕೊಟ್ಟು, ಎಲ್ಲವನ್ನೂ ಹೇಳಿದೆ. ನಮ್ಮವರನ್ನು ಚೆನ್ನಾಗಿ ಬೈಯಲಿ ಎಂದೇ ಕಾದೆ. ಅವರು ಬೈಯಲಿಲ್ಲ. ಶಾಲನ್ನು ಮಡಚುತ್ತ ಕುಳಿತರು.

“ಫಾದರ್ ಹೋದ ಮೇಲೆ ನಿಮ್ಮವರು ಯಾರೂ ನಮ್ಮ ಹಬ್ಬಕ್ಕೆ ಬರಲಿಲ್ಲ ಬೇಟಾ,” ಎಂದರು ಮರಾಠಿಯಲ್ಲಿ. “ಮೊನ್ನೆ ಅವನು ಬಾಗಿಲಿಗೆ ಬಂದಾಗ, ಹೋಗಿಬರೋದು ಮತ್ತೆ ಶುರುವಾಯ್ತು ಅಂದ್ಕೊಂಡೆ.”