ನೇಕಾರರ ಮನ್ಯಾಗ ವಿಚಾರದ ಕೆಲಸ

ತಲಿ ಕೆಟ್ಟಾಗ ನನಗ ಅಂಜಿಕಿಗಿಂತ ಕುತೂಹಲನ ಭಾಳ ಇತ್ತು. ಒಳಗೊಂದು ದನಿ ಮಾತಾಡತಿತ್ತು. ಅದು ನಾನೋ, ಬ್ಯಾರೆ ಯಾರೋ? ನಾನಽ ಅಂದರ ಕೇಳಿಸ್ಕೊಳ್ಳಾಂವ ಯಾಂವ? ಪುಣೆದಾಗ ತರ್ಕಶಾಸ್ತ್ರ ಓದಿ ಜಮಖಂಡಿಗೆ ಬಂದಾಂವ ಸಾಲ್ಯಾಗ ಹುಡುಗೂರಿಗೂ ಇದನ್ನಽ ಕೇಳಿದೆ. ಮಾಸ್ತರಕಿ ಹೋತು. ಮಾಮಲೇದಾರ ಕಚೇರಿಯೊಳಗ ಕಾರಕೂನರಾಗಿದ್ದ ಅಪ್ಪ, ಅವರಿವರ ಕೈಕಾಲು ಹಿಡದು ಅಲ್ಲೇ ಕೂಡಿಸಿದರು. ಅರ್ಜಿ ಹಿಡಕೊಂಡು ಬಂದವರಿಗೆ, 'ನಿಮಗ ಖರೇನ ಇದು ಬೇಕೇನ್ರಿ?' ಅಂತಿದ್ದೆ. ಅದೂ ಮುಗೀತು.

'ಉಂಡು ಸುಮ್ಮನ ಮನ್ಯಾಗ ಕುಂಡ್ರು' ಅಂದರು ಅಪ್ಪ. ಅದಕಿಂತ ಸಾಯೋದು ಛಲೋ. ನನಗ ಕೆಲಸ ಬೇಕಿತ್ತು, ವಿಚಾರ ಬಿಡಲಾರದ ಮಾಡೋವಂಥಾದ್ದು.

ಮನಿಗೆ ಸೀರಿ ಮಾರಾಕ ಬರತಿದ್ದ ಬನಹಟ್ಟಿ ನೇಕಾರ ಅಜ್ಜಿ ಅವ್ವಗ, 'ನಮ್ಮಲ್ಲಿ ಕೆಚ್ಚಾಕ ಕೈ ಬೇಕ್ರಿ, ಕಳಸ್ರಿ' ಅಂದಳು. ಬಟ್ಟಿ ಇಳಿಸಿದರೂ ಮಗ್ಗದಾಗಿನ ಹಳೇ ಎಳಿ ಪೂರಾ ತಗಿಯೂದಿಲ್ಲ. ಅದರ ಒಂದೊಂದು ತುದಿಗೆ ಹೊಸ ಹಾಸಿನ ಒಂದೊಂದು ಎಳಿ ಹೊಸೆದು ಕೂಡಸ್ತಾರ, ಅದಽ ಕೆಚ್ಚೋದು. ಬೆರಳಿಗೆ ಬೂದಿ ಹಚಗೊಂಡು ದಿನಗಟ್ಟಲೆ ಎದುರುಬದರು ಕುಂತು ಮಾಡಬೇಕು. ಬನಹಟ್ಟಿಗೆ ಹೋಗಿ ನಾನೂ ಅವರ ಜೋಡಿ ಕುಂತೆ.

'ಹಂಗಾದರ ಈ ಮಗ್ಗದ ಮೊದಲನೇ ಸೀರಿ ಇನ್ನೂ ಮುಗದಽ ಇಲ್ಲಲ್ಲ?' ಅಂದೆ.

'ಅಯ್ಯ ನನ ಶಿವನ! ಉಟ್ಟಾಕಿ ಮಣ್ಣಾಗಿ ಹ್ವಾದಳು, ಸೀರಿ ಮುಗದಿಲ್ಲಂತಾರ ಇವರು!' ಅಂದಳು ಅಜ್ಜಿ.

ಮನಿಮಂದಿ ಎಲ್ಲಾ ವಾದಕ್ಕ ಬಿದ್ದರು. ಕೆಚ್ಚಾಕ ಕುಂತವರಿಗೆ ತೂಕಡಿಕಿ ತಪ್ಪಿದ್ದಲ್ಲ, ಅವತ್ತ ಯಾರಿಗೂ ಬರಲಿಲ್ಲ. ಮರುದಿನ ಹೊಸ್ತಲ ದಾಟೂದರಾಗ ಅಜ್ಜಿ, 'ಬರ್ರಿ ಸಣ್ಣರಾಯರ, ಇವತ್ತೇನು ವಿಚಾರ ತಂದೀರಿ?' ಅಂದಳು. ನನಗಾದ ಖುಷಿ ಹೇಳತೀರದು.

ಆದರ ಬ್ಯಾನಿ ಬಿಡಲಿಲ್ಲ. ಮಳಿಗಾಲದಾಗ ಮತ್ತ ಅಮರಿಕೊಂಡಿತು. ಬಾಯಿ ಕಟ್ಟಿತು, ಬೆರಳಿಗೆ ಎಳಿ ಸಿಗವಲ್ದು. ಗ್ವಾಡಿಗೆ ಆತಗೊಂಡು ಕುಂತುಬಿಟ್ಟೆ. ಸುದ್ದಿ ಮುಟ್ಟಿ ಅಪ್ಪ ಬಂದರು, ಧಾರವಾಡದ ಹುಚ್ಚರ ದವಾಖಾನಿಗೆ ಒಯ್ಯಾಕ. ಹೋದರ ನಾ ಹೊಳ್ಳಿ ಬರೂದಿಲ್ಲ ಅಂತ ಅನಿಸ್ತು.

'ಇಂವ ಇಲ್ಲಿ ಏನ ಕೆಲಸ ಮಾಡತಾನ?' ಅಪ್ಪ ಕೇಳಿದರು.

ಅಜ್ಜಿ ಎಳಿ ಮ್ಯಾಲಿನ ಕಣ್ಣ ತಗೀಲಿಲ್ಲ. 'ವಿಚಾರ ಮಾಡತಾರ್ರಿ.'

'ಈಗ ಸುಮ್ಮನ ಕುಂತಾನಲ್ಲ?'

'ಮಗ್ಗನೂ ಒಮ್ಮೊಮ್ಮೆ ನಿಂದರತೈತ್ರಿ ರಾಯರ. ನಿಂತಿತಂತ ಹಿತ್ತಲಕ್ಕ ಒಗಿತೀವೇನ್ರಿ?'

ಅಪ್ಪ ಟೊಪಗಿ ತಗದು ತೊಡಿಮ್ಯಾಲ ಇಟಗೊಂಡು ನನ್ನ ಎದುರಿಗೆ ಕುಂತರು. ಆಮ್ಯಾಲ, ಹುಟ್ಟಿದಾಗಿನಿಂದ ಒಮ್ಮೆನೂ ಕೇಳದವರು, ಮೆಲ್ಲಕ ಕೇಳಿದರು: 'ಏನ ವಿಚಾರ ಮಾಡಾಕತ್ತೀಯೋ, ತಮ್ಮಾ?'

ನಾ ಅತ್ತುಬಿಟ್ಟೆ. ಹೊರಗ ಧಾರವಾಡದ ಬಸ್ಸು ಬಂದು ಹೋತು. ಅಪ್ಪ ಏಳಲಿಲ್ಲ.