ರಾಮದುರ್ಗದಿಂದ ಬಂದ ಅಳಿಯ

ಗೆಳೆಯರೇ, ಇವತ್ತು ಬೈಲಹೊಂಗಲದ ನಮ್ಮ ಮನೆಗೆ ವಂಶಾವಳಿ ಓದುವ ಹೆಳವರು ಬಂದಿದ್ದರು. ನನ್ನ ಗಂಡನನ್ನು ಮನೆ ಅಳಿಯನೆಂದು ದಿನವೂ ಚುಚ್ಚುವ ನಮ್ಮ ಕಾಕಾ ಮೀಸೆ ತಿರುವುತ್ತ ಎದುರಿಗೇ ಕೂತರು. "ನಮ್ಮ ಮೂಲಪುರುಷ ಬಸಪ್ಪ ಕಿತ್ತೂರ ರಾಣಿ ದಂಡಿನ್ಯಾಗ ಇದ್ದಾಂವ. ಜೋರಾಗಿ ಓದ್ರಿ!"

ಹೆಳವರು ರಾಗವಾಗಿ ಓದಿದರು: "ಬಸಪ್ಪ ರಾಮದುರ್ಗದಿಂದ ಈ ಮನಿಗೆ ಮನಿ ಅಳಿಯ ಆಗಿ ಬಂದಾಂವರಿ."

"ಅಂವನ್ನ ಬಿಟ್ಟು ಮುಂದ ಓದ್ರಿ!"

"ಅಂವನ್ನ ಬಿಟ್ರ ಮುಂದ ನೀವು ಇರಂಗಿಲ್ಲಲ್ರಿ, ಸಾವ್ಕಾರ್ರ."

ನನ್ನ ಗಂಡ ಸದ್ದಿಲ್ಲದೆ ಎದ್ದು ಹೋಗಿ ಹೆಳವರ ಚೀಲಕ್ಕೆ ಇನ್ನೊಂದು ಬುಟ್ಟಿ ಜೋಳ ಸುರಿದರು.

ನನಗೆ ಕುತೂಹಲ ತಡೆಯಲಿಲ್ಲ. "ಆ ಅಳಿಯನ್ನೂ ಆವಾಗ ಯಾರರೆ ಹಿಂಗ ಚುಚ್ಚತಿದ್ರೇನ್ರಿ?" ಎಂದು ಕೇಳಿದೆ.

"ಅದನ್ನ ಯಾರೂ ಬರಸಿಲ್ರಿ, ಅಕ್ಕಾರ."

"ಹಂಗಾರ ಈ ಸಲಾ ಕಾಕಾನ ಹೆಸರಿನ ಬಾಜೂಕ ಬರ್ಕೋರಿ," ಎಂದೆ.